ಎಂಟು ಗಂಟೆಯ ಆಶೀರ್ವಾದ

ಕಪ್ಚೆಮೊಗೆನ್,
ನವೆಂಬರ್ ೧೪, ಗುರುವಾರ

ಜೆಮೇಲಿ ಮಗಳೇ,

ಕಾಗದದ ತಲೆಯಲ್ಲಿ ಹಿರಿಯರು ಆಶೀರ್ವಾದ ಬರೆಯುತ್ತಾರೆ. ಈ ಸಲ ನಾನು ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ. ಶಾಲೆಯಲ್ಲಿ ಮಕ್ಕಳ ಎದುರಿಗೆ ಇದನ್ನು ಒಡೆಯಬೇಡ. ಕೋಣೆಗೆ ಹೋಗಿ, ಕೂತು ಓದು.

ಕೈಯಲ್ಲಿ ಫೋನಿದ್ದೂ ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಅನ್ನುತ್ತೀಯ. ಫೋನಿನಲ್ಲಿ ನೀನು "ಕೊಗೊ, ತಮ್ಮ ಹೇಗಿದಾನೆ" ಎಂದು ಕೇಳಿದ ತಕ್ಷಣ ನನ್ನ ಬಾಯಿ "ಚೆನ್ನಾಗಿದಾನೆ" ಎಂದುಬಿಡುತ್ತದೆ. ಮೊಮ್ಮಕ್ಕಳು ಕೊಗೊ ಎಂದು ಕರೆದರೆ ಅಜ್ಜಿಯರಿಗೆ ಸುಳ್ಳು ಸಲೀಸಾಗಿ ಬರುತ್ತದೆ. ಮೂರು ಭಾನುವಾರ ಹಾಗೇ ಆಯಿತು. ಅವನ ಕೈಗೆ ಕೊಡು ಎಂದು ನೀನಂದೆ. ದನದ ಹಿಂದೆ ಹೋಗಿದ್ದಾನೆ ಎಂದು ನಾನಂದೆ. ಇನ್ನೊಮ್ಮೆ ಮಲಗಿದ್ದಾನೆ ಎಂದೆ. ನಿನ್ನ ಶಾಲೆಯ ದೊಡ್ಡ ಪರೀಕ್ಷೆ ಮುಗಿಯುವ ತನಕ ಅಕ್ಕನಿಗೆ ಏನೂ ಹೇಳಕೂಡದು ಎಂದು ಅವನಿಗೂ ಆಣೆ ಹಾಕಿದ್ದೆ. ಅವನು ಪಾಪ, ಆಣೆ ಉಳಿಸಿಕೊಂಡ.

ಕಿಮಾಯೊ ಚೆನ್ನಾಗಿಲ್ಲ. ಅಕ್ಟೋಬರ್ ಇಪ್ಪತ್ತಮೂರರಿಂದ ಎಲ್ಡೊರೆಟ್ಟಿನ ಆಸ್ಪತ್ರೆಯಲ್ಲಿದ್ದಾನೆ. ನೀನು ನಿನ್ನ ಹೊಟ್ಟೆ ಕೊಯ್ಸಿಕೊಂಡು ಕೊಟ್ಟ ಕಿಡ್ನಿ ಕೆಲಸ ಬಿಡುತ್ತಿದೆ. ಮತ್ತೆ ರಕ್ತ ತೊಳೆಯುವ ಯಂತ್ರಕ್ಕೆ ಹಾಕಿದ್ದಾರೆ, ವಾರಕ್ಕೆ ಎರಡು ಸಲ. ಉಳಿಯುತ್ತದೆಯೋ ಇಲ್ಲವೋ ಎಂದು ಡಾಕ್ಟರ್ ನೆಕೇಸಾಳನ್ನು ಕೇಳಿದೆ. ಆ ಹುಡುಗಿ ಯಾವತ್ತೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವಳು. ಅವತ್ತು ತನ್ನ ಪೆನ್ನಿನ ಮುಚ್ಚಳ ನೋಡುತ್ತಾ ಮಾತಾಡಿದಳು.

ಇಷ್ಟು ಬರೆಯಲು ಎರಡು ದಿನ ಹಿಡಿಯಿತು. ಮಿಷನ್ ಶಾಲೆಯಲ್ಲಿ ಮೂರು ವರ್ಷ ಕೂತವಳು ನಾನು, ಅದೂ ಕಾಯಲು ಕರುಗಳಿಲ್ಲದ ತಿಂಗಳಲ್ಲಿ ಮಾತ್ರ. ನನ್ನ ಅಕ್ಷರಗಳು ಬೆಟ್ಟ ಇಳಿಯುವ ಮೇಕೆಗಳ ಹಾಗೆ ಒಂದೊಂದು ಒಂದೊಂದು ಕಡೆ ಹೋಗುತ್ತವೆ. ಟೀಚರಮ್ಮ, ಕೆಂಪು ಶಾಯಿ ತೆಗೆಯಬೇಡ.

ಏಪ್ರಿಲಿನಲ್ಲಿ ಅವನನ್ನು ಮನೆಗೆ ಕಳಿಸುವ ದಿನ ಡಾಕ್ಟರ್ ನೆಕೇಸಾ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡಳು. ನೀನಾಗ ಇನ್ನೂ ಹೊಲಿಗೆಯ ನೋವಿನಲ್ಲಿ ಹೊರಗಿನ ಬೆಂಚಿನ ಮೇಲೆ ಓರೆಯಾಗಿ ಕೂತಿದ್ದೆ. ಅವಳು ಹೇಳಿದಳು: "ನೋಡಿ ಕೊಗೊ, ಮೈಯೊಳಗೆ ಕಾವಲುನಾಯಿಗಳು ಇರ್ತವೆ. ಅಕ್ಕನ ಕಿಡ್ನಿ ಆದ್ರೂ ಅವಕ್ಕೆ ಅದು ಹೊರಗಿನದೇ, ಕಚ್ಚೋಕೆ ಬರ್ತವೆ. ಈ ಮಾತ್ರೆಗಳು ಆ ನಾಯಿಗಳನ್ನ ಮಲಗಿಸಿಡ್ತವೆ. ಒಂದು ಹೊತ್ತು ತಪ್ಪಿದ್ರೂ ಎದ್ದುಬಿಡ್ತವೆ. ಆದ್ರೆ ನಾಯಿ ಮಲಗಿದ ಮನೆಗೆ ಕಳ್ಳ ಬಂದ್ರೆ ತಡೆಯೋರು ಯಾರು? ನೀವೇ ತಡೀಬೇಕು." ನಾನು ಅಂದೆ, "ನನ್ನ ಬಾಯಿ ಕೇಳಿದ್ದೀಯಲ್ಲ ಮಗಾ, ನಾಯಿಗಿಂತ ಜೋರಾಗಿದೆ." ಅವಳು ನಕ್ಕಳು. ಆಮೇಲೆ ಮನೆಯ ಬಗ್ಗೆ ಹತ್ತು ಪ್ರಶ್ನೆ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡಳು. ಒಂಬತ್ತಕ್ಕೆ ನಾನು ಸತ್ಯ ಹೇಳಿದೆ.

ಹತ್ತನೆಯದಕ್ಕೆ ಬರುತ್ತೇನೆ, ಸ್ವಲ್ಪ ತಾಳು. ಮೊದಲು ನಾನು ಮಾಡಿದ್ದನ್ನೆಲ್ಲ ಹೇಳಿಬಿಡುತ್ತೇನೆ. ಹೊಗಳಿಕೊಳ್ಳುವುದಕ್ಕಲ್ಲ. ಎಷ್ಟು ಸರಿಯಾಗಿ ಮಾಡಿದೆ ಎಂದು ಗೊತ್ತಾದರೇ ಎಷ್ಟು ತಪ್ಪಿದೆ ಎಂಬುದೂ ಗೊತ್ತಾಗುತ್ತದೆ.

ಮೊಟ್ಟೆ ಇಡುವ ರಟ್ಟಿನ ತಟ್ಟೆ ಎರಡು ತಂದೆ, ಅಂಗಡಿಯಿಂದ ಹೊಸದು, ಕೋಳಿ ಮುಟ್ಟದ್ದು. ಒಂದೊಂದರಲ್ಲಿ ಮೂವತ್ತು ಗುಳಿ. ಒಂದರ ಅಂಚಿಗೆ ಇದ್ದಿಲಿನಲ್ಲಿ ಸೂರ್ಯ ಬರೆದೆ, ಇನ್ನೊಂದಕ್ಕೆ ಚಂದ್ರ. ಬೆಳಗ್ಗೆ ಎಂಟರ ಮಾತ್ರೆ ಸೂರ್ಯನಲ್ಲಿ, ಸಂಜೆ ಎಂಟರದು ಚಂದ್ರನಲ್ಲಿ. ಇಂಗ್ಲಿಷ್ ಹೆಸರು ನನಗೆ ಯಾಕೆ? ಗೋಧಿಬಣ್ಣದ ಕೊಳವೆಯಂಥ ಮಾತ್ರೆ, ನೇರಳೆ ಉದ್ದ ಮಾತ್ರೆ, ಸಣ್ಣ ಬಿಳಿ ಗುಂಡು, ಕುದುರೆಗೆ ಕೊಡುವಷ್ಟು ದೊಡ್ಡ ಬಿಳಿಯದು. ಏಳು ತಿಂಗಳಲ್ಲಿ ಒಂದು ಗುಳಿ ತಪ್ಪಲಿಲ್ಲ ಜೆಮೇಲಿ. ತಿಂಗಳಿಗೊಮ್ಮೆ ಅವನ ರಕ್ತ ಪರೀಕ್ಷೆಗೆ ಹೋದಾಗ ಅಲ್ಲಿಯ ನರ್ಸುಗಳು ಬೇರೆ ರೋಗಿಗಳಿಗೆ "ಕಪ್ಚೆಮೊಗೆನ್ ಅಜ್ಜಿ ಹಾಗೆ ಮಾಡಿ" ಎನ್ನುತ್ತಿದ್ದರು. ನನ್ನ ಜೀವಮಾನದಲ್ಲಿ ಯಾರೂ ಯಾರಿಗೂ ನನ್ನ ಹಾಗೆ ಮಾಡಿ ಎಂದಿರಲಿಲ್ಲ.

ಮಾತ್ರೆ ನುಂಗಿ ಒಂದು ಗಂಟೆ ಏನೂ ತಿನ್ನಕೂಡದು. ಅವನಿಗೋ ಆ ಸಣ್ಣ ಬಿಳಿ ಗುಂಡಿನಿಂದ ರಾಕ್ಷಸ ಹಸಿವು. ಮುಖ ಕುಂಬಳಕಾಯಿಯಾಗಿತ್ತು. "ಕೊಗೊ, ಈ ಒಂದು ಗಂಟೇಲಿ ನಾನು ಸತ್ತೋಗ್ತೀನಿ" ಎನ್ನುತ್ತಿದ್ದ. "ಸಾಯೋದಾದ್ರೆ ಒಂಬತ್ತಕ್ಕೆ ಸಾಯಿ, ಹೊಟ್ಟೆ ತುಂಬ್ಕೊಂಡು" ಎನ್ನುತ್ತಿದ್ದೆ. ಹಾಗೆ ನಗುತ್ತಿದ್ದೆವು. ಈಗ ಆ ಮಾತು ನೆನೆದರೆ ನನ್ನ ನಾಲಿಗೆಯನ್ನೇ ಕಿತ್ತು ನಾಯಿಗೆ ಹಾಕೋಣ ಅನಿಸುತ್ತದೆ.

ನೀರು ಕುದಿಸಿದೆ. ಸೊಪ್ಪನ್ನು ಬಣ್ಣ ಹೋಗುವ ತನಕ ಬೇಯಿಸಿದೆ. ಸೋರೆ ಬುರುಡೆಯಲ್ಲಿ ಹೆಪ್ಪಿಟ್ಟ ಹುಳಿ ಹಾಲು ಬೇಡ ಎಂದರು. ಈ ಬೆಟ್ಟದ ಮೇಲೆ ನನ್ನ ಬುರುಡೆ ಹಾಲಿಗೆ ಇರುವ ಹೆಸರು ನಿನಗೆ ಗೊತ್ತು. ಏಳೂ ಬುರುಡೆ ತೊಳೆದು ಬೋರಲು ಹಾಕಿ ಮಾಡಿಗೆ ಕಟ್ಟಿದೆ. ಕೋಳಿಗಳನ್ನು ರಾಯೆಲಳ ಮನೆಗೆ ಸಾಗಿಸಿದೆ. ನಮ್ಮ ಬೇಲಿಯ ಆಚೆಯ ರಾಯೆಲ್, ನೀನು ಚಿಕ್ಕಂದಿನಲ್ಲಿ ಕದ್ದು ಪೇರಲೆ ತಿನ್ನುತ್ತಿದ್ದೆಯಲ್ಲ, ಅವಳೇ. ಪಾಸ್ಟರು ಹಾಡುವ ಗುಂಪು ಕಟ್ಟಿಕೊಂಡು ಪ್ರಾರ್ಥನೆಗೆ ಬಂದರು. ದೊಣ್ಣೆ ಹಿಡಿದು ಗೇಟಿನಲ್ಲಿ ನಿಂತೆ. "ತಾಪ್ಲೆಲೆಯ್, ದೇವರ ಕೆಲಸಕ್ಕೆ ಅಡ್ಡ ಬರ್ತೀರಾ?" ಎಂದರು. "ದೇವರಿಗೆ ಕಿವಿ ಕೇಳ್ಸುತ್ತಲ್ಲ ಪಾಸ್ಟರೇ, ಆ ಬೇಲಿ ಆಚೆ ನಿಂತೇ ಹಾಡಿ. ಮೂಗು ಸೋರ್ತಿರೋ ಆ ದಪ್ಪ ಗಂಟಲಿನೋನು ಇನ್ನೂ ಹತ್ತು ಹೆಜ್ಜೆ ಹಿಂದೆ ನಿಂತ್ಕೊಳ್ಳಲಿ" ಎಂದೆ. ಹತ್ತು ಹೆಜ್ಜೆ ಹಿಂದೆ ಹೋಗಿ ಹಾಡಿದರು. ಕಿಮಾಯೊ ಒಳಗೆ ದಿಂಬು ಕಚ್ಚಿಕೊಂಡು ನಗುತ್ತಿದ್ದ.

ಸೆಪ್ಟೆಂಬರಿನಲ್ಲಿ ರಾಯೆಲಳ ಗಂಡ ತೀರಿಕೊಂಡ. ಮಣ್ಣು ಮಾಡುವ ದಿನ ನಾಲ್ಕು ಊರಿನ ಜನ ಸೇರಿದ್ದರು. ಹೋಗಕೂಡದು ಎಂದೆ. "ನನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋರು ಕೊಗೊ" ಎಂದ. "ಅವನು ಹೊತ್ತಿದ್ದು ಸಾಕು, ಈಗ ಇಳಿದು ಮನೇಲಿ ಬಿದ್ದಿರು" ಎಂದೆ. ನಾನು ದನಕ್ಕೆ ನೀರು ಕುಡಿಸಲು ಹೋದಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗಿ, ಗುಂಪಿನಿಂದ ದೂರ ಸೈಪ್ರೆಸ್ ಮರದ ಕೆಳಗೆ ಅರ್ಧ ಗಂಟೆ ನಿಂತು ಬಂದನಂತೆ. ಎರಡು ದಿನ ನಾನು ಅವನೊಂದಿಗೆ ಮಾತು ಬಿಟ್ಟೆ. ಮಾತು ಮಾತ್ರವಲ್ಲ, ಇನ್ನೊಂದನ್ನೂ ಬಿಟ್ಟೆ. ಅದನ್ನು ಮುಂದೆ ಹೇಳುತ್ತೇನೆ.

ಅಕ್ಟೋಬರ್ ಮೊದಲಲ್ಲಿ ಸಂಜೆ ಸಂಜೆ ಮೈ ಬಿಸಿ. ಬೆಳಗ್ಗೆ ಅಂಗಿ ಹಿಂಡಿದರೆ ಬೆವರು. ಕುಂಬಳಕಾಯಿ ಮುಖ ಇಳಿಯಿತು, ನಾನು ಪೆದ್ದಿ, ಆಸ್ಪತ್ರೆಯವರು ಆ ಬಿಳಿ ಗುಂಡು ಕಡಿಮೆ ಮಾಡಿದ್ದಕ್ಕೆ ಊತ ಇಳಿಯಿತು ಎಂದುಕೊಂಡು ಸಂತೋಷಪಟ್ಟೆ. ಮೆಕ್ಕೆಜೋಳದ ಮುದ್ದೆ ಅರ್ಧಕ್ಕೇ ಬಿಟ್ಟು ಏಳತೊಡಗಿದಾಗ ಹೆದರಿಕೆಯಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಾಸಿಗೆ ಕೊಟ್ಟರು. ಆರು ದಿನಕ್ಕೆ ಹೇಳಿದರು, ಎದೆಯಲ್ಲಿ ಕ್ಷಯ. ಮದ್ದು ಶುರು ಮಾಡಿದರು, ಕೆಲವು ದಿನವಾದರೂ ಅವರ ಮುಖ ಗೆಲುವಾಗಲಿಲ್ಲ.

ಕ್ಷಯಕ್ಕೆ ಮದ್ದಿಲ್ಲವೇ, ಕಪ್ಸಬೆಟ್ಟಿನ ದವಾಖಾನೆಯಲ್ಲಿ ಸುಮ್ಮನೆ ಕೊಡುತ್ತಾರಲ್ಲ ಎಂದೆ ನಾನು. ನೆಕೇಸಾ ಹೇಳಿದಳು: "ಇದೆ ಕೊಗೊ. ತೊಂದ್ರೆ ಏನಂದ್ರೆ, ಕ್ಷಯದ ಮಾತ್ರೆ ಒಳಗೆ ಹೋದ್ರೆ ಕಿಡ್ನಿ ಮಾತ್ರೇನ ರಕ್ತದಲ್ಲಿ ನಿಲ್ಲೋಕೆ ಬಿಡಲ್ಲ, ಕರಗಿಸಿ ಹೊರಗೆ ಹಾಕುತ್ತೆ. ಆಗ ಮಲಗಿದ್ದ ನಾಯಿಗಳು ಏಳ್ತವೆ. ನಾವು ಎರಡರಷ್ಟು ಕೊಟ್ವಿ, ಮೂರರಷ್ಟು ಕೊಟ್ವಿ, ಅಳತೆ ನಿಲ್ತಾ ಇಲ್ಲ." "ಹಂಗಾದ್ರೆ ಕ್ಷಯದ್ದನ್ನ ನಿಲ್ಸು" ಎಂದೆ. "ನಿಲ್ಸಿದ್ರೆ ಹುಡುಗನೇ ಉಳಿಯಲ್ಲ" ಎಂದಳು. "ಕಿಡ್ನಿ ಹೋದ್ರೆ ಯಂತ್ರ ಇದೆ. ಶ್ವಾಸಕೋಶ ಹೋದ್ರೆ ನಮ್ಮ ಹತ್ರ ಏನೂ ಇಲ್ಲ."

ನನ್ನ ಮೊಟ್ಟೆ ತಟ್ಟೆಗಳನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿದ್ದೆ. ಒಂದು ಮಾತ್ರೆಯನ್ನು ಇನ್ನೊಂದು ತಿನ್ನುತ್ತದೆ ಎಂದರೆ ಯಾವ ಗುಳಿಯಲ್ಲಿ ಏನಿಡಲಿ ಹೇಳು.

ಊರಿಗೆ ಬಂದವಳು ನೇರವಾಗಿ ಹಿಟ್ಟಿನ ಗಿರಣಿಗೆ ಹೋದೆ. ರಾಯೆಲ್ ಸಾಲಿನಲ್ಲಿ ನಿಂತಿದ್ದಳು, ವಿಧವೆಯಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಹತ್ತು ಹೆಂಗಸರ ಮುಂದೆ ಹೇಳಿದೆ: "ನಿನ್ನ ಗಂಡ ಒಬ್ಬನೇ ಹೋಗೋಕೆ ಹೆದರ್ಕೊಂಡು ನನ್ನ ಮೊಮ್ಮಗನ ಕೈ ಹಿಡ್ಕೊಂಡು ಹೋಗ್ತಿದಾನೆ. ನಿನ್ನ ಮನೆ ಸಾವಿನ ಗಾಳೀನೇ ಅವನ ಎದೆ ಸೇರಿರೋದು." ಅವಳು ಬೀಸದ ಜೋಳದ ಚೀಲ ತಲೆಗೇರಿಸಿಕೊಂಡು ಹೊರಟುಹೋದಳು. ಗಿರಣಿಯವನು ಪಟ್ಟಿ ಬಿಚ್ಚಿ ಯಂತ್ರ ನಿಲ್ಲಿಸಿಬಿಟ್ಟ.

ಆಸ್ಪತ್ರೆಯವರು ಅವನ ಹತ್ತಿರ ಬಂದವರೆಲ್ಲರ ಕಫ ಪರೀಕ್ಷೆ ಆಗಬೇಕೆಂದರು. ಆರೋಗ್ಯದ ಕೆಲಸಕ್ಕೆ ಮನೆಮನೆ ತಿರುಗುವ ರೋಡಾ ಡಬ್ಬಿಗಳನ್ನು ಹಿಡಿದು ಹನ್ನೆರಡು ಮನೆಗೆ ಹೋದಳು, ನಮ್ಮ ಮನೆಗೂ. ರಾಯೆಲ್ ಶುದ್ಧ. ಪಾಸ್ಟರು ಶುದ್ಧ. ದಪ್ಪ ಗಂಟಲಿನವನೂ ಶುದ್ಧ, ಅವನಿಗೆ ಬರೀ ನೆಗಡಿ. ಕೊನೆಗೆ ಒಂದು ಮಧ್ಯಾಹ್ನ ರೋಡಾ ನಮ್ಮ ಅಂಗಳದಲ್ಲಿ ಬಂದು ನಿಂತಳು, ಬಾಯಿಗೆ ಬಟ್ಟೆ ಕಟ್ಟಿಕೊಂಡು.

"ಒಳಗೆ ಬಾ, ಟೀ ಇದೆ" ಎಂದೆ.

"ಬೇಡ ಕೊಗೊ. ನೀವೇ ಹೊರಗೆ ಬನ್ನಿ."

"ಯಾಕೆ, ನನ್ನ ಮನೇಲಿ ಚಿರತೆ ಕೂತಿದೆಯಾ?"

"ಹೂಂ" ಎಂದಳು. ಆಮೇಲೆ ಅತ್ತಳು. ನಾನಲ್ಲ, ಅವಳು.

ಈಗ ಹತ್ತನೆಯ ಪ್ರಶ್ನೆ. "ಮನೇಲಿ ಯಾರಿಗಾದ್ರೂ ಬಹಳ ದಿನದ ಕೆಮ್ಮು ಇದೆಯಾ?" ಎಂದು ಏಪ್ರಿಲಿನಲ್ಲಿ ನೆಕೇಸಾ ಕೇಳಿದ್ದಳು. ಮನೆಯಲ್ಲಿ ಇದ್ದವಳು ನಾನೊಬ್ಬಳು. ಇಲ್ಲ ಎಂದೆ.

ಕೆಮ್ಮು ಎಂದು ನಾನು ಅದನ್ನು ಕರೆದಿರಲಿಲ್ಲ, ಇದು ನಿಜ. ಐವತ್ತು ವರ್ಷ ಒಲೆಯ ಹೊಗೆ ಕುಡಿದ ಎದೆ ಇದು, ಬೆಳಗಾದರೆ ಕೆರೆಯುತ್ತದೆ. ನೀನು ಆಗಸ್ಟ್ ರಜೆಯಲ್ಲಿ ಬಂದಾಗಲೂ "ಏನಿದು ಕೊಗೊ, ಹೋರಿ ಕೆಮ್ಮಿದ ಹಾಗೆ" ಎಂದೆ. "ಹಸಿ ಸೌದೆ" ಎಂದು ನಾನಂದೆ. ಆದರೆ ಜೆಮೇಲಿ, ಇದು ಅರ್ಧ ನಿಜ. ಮಿಕ್ಕ ಅರ್ಧವೆಂದರೆ, ಅವನು ಮನೆಗೆ ಬರುವ ಒಂದು ತಿಂಗಳು ಮುಂಚೆ, ಮಾರ್ಚಿನಲ್ಲಿ, ಇದೇ ರೋಡಾ ನನ್ನ ಕೆಮ್ಮು ಕೇಳಿ ಒಂದು ಡಬ್ಬಿ ಕೊಟ್ಟಿದ್ದಳು. "ಬೆಳಗ್ಗೆ ಎದ್ದ ತಕ್ಷಣ ಇದರಲ್ಲಿ ಉಗಿದು ಕೊಡಿ ಕೊಗೊ, ಹುಡುಗ ಬರ್ತಿದಾನೆ" ಎಂದಿದ್ದಳು. ಆ ಡಬ್ಬಿಯಲ್ಲಿ ನಾನು ಕುಂಬಳದ ಬೀಜ ಹಾಕಿಟ್ಟೆ. ಅವಳು ಮತ್ತೆ ಬಂದು ಕೇಳಿದಾಗ, ಕೊಟ್ಟಾಯಿತು, ಕಪ್ಸಬೆಟ್ಟಿಗೆ ಹೋದಾಗ ನಾನೇ ಕೊಟ್ಟು ಬಂದೆ, ಏನೂ ಇಲ್ಲವಂತೆ ಎಂದೆ.

ಯಾಕೆ ಎಂದು ಕೇಳು. ನಾನೂ ನನ್ನನ್ನು ಅದೇ ಕೇಳುತ್ತಿದ್ದೇನೆ. ಏನಾದರೂ ಇದೆ ಎಂದುಬಿಟ್ಟರೆ ಅವನನ್ನು ನನ್ನ ಹತ್ತಿರ ಬಿಡುತ್ತಿರಲಿಲ್ಲ. ನಕುರುವಿನಲ್ಲಿರುವ ನಿಮ್ಮ ಅತ್ತೆಯ ಮನೆಗೆ ಕಳಿಸುವ ಮಾತು ಆಗಲೇ ನಡೆದಿತ್ತು. ಟೈಲ್ಸ್ ಹಾಕಿದ ಮನೆ, ನಲ್ಲಿ ನೀರು, ಓದಿದ ಸೊಸೆ. ಅಲ್ಲಿ ಅವನು ಚೆನ್ನಾಗಿಯೇ ಇರುತ್ತಿದ್ದ. ಆದರೆ ನಿಮ್ಮ ಅಪ್ಪ ಅಮ್ಮ ಒಂದೇ ದಿನ ರಸ್ತೆ ಅಪಘಾತದಲ್ಲಿ ಹೋದ ಮೇಲೆ ನಿಮ್ಮಿಬ್ಬರನ್ನು ಸಾಕಿದವಳು ನಾನು. ನೀನು ಅವನಿಗೆ ಕಿಡ್ನಿ ಕೊಟ್ಟೆ. ನಾನೇನು ಕೊಟ್ಟೆ? ನನ್ನದು ಹಳೆಯದು, ಬೇಡ ಎಂದಿದ್ದರು. ನಾನು ಕಾಯುತ್ತೇನೆ, ಅದನ್ನಾದರೂ ನನಗೆ ಬಿಡಿ ಎಂಬ ಹಟ. ಮುದುಕಿಯ ಜಂಬ ಅನ್ನು ಬೇಕಾದರೆ. ಅದೇ ಸರಿಯಾದ ಹೆಸರು.

ಇನ್ನು, ಎರಡು ದಿನ ಬಿಟ್ಟಿದ್ದು ಎಂದೆನಲ್ಲ, ಅದು. ನೀನಿಲ್ಲದಾಗ ನಾವಿಬ್ಬರು ಒಂದು ಅಭ್ಯಾಸ ಮಾಡಿಕೊಂಡಿದ್ದೆವು. ಬೆಳಗ್ಗೆ ಎಂಟಕ್ಕೆ ಅವನು ಸೂರ್ಯನ ತಟ್ಟೆಯ ಮಾತ್ರೆ ನುಂಗಿ, ಮುಖದ ಬಟ್ಟೆ ಕೆಳಗೆ ಸರಿಸಿ, ನನ್ನ ಮುಂದೆ ಎರಡೂ ಅಂಗೈ ಹಿಡಿಯುತ್ತಿದ್ದ. ಮಾತ್ರೆ ಕೊಟ್ಟದ್ದು ಆಸ್ಪತ್ರೆ, ಅದಕ್ಕೆ ಹಿರಿಯರ ಬಾಯಿಯ ಆಶೀರ್ವಾದ ಬೀಳದಿದ್ದರೆ ಹೇಗೆ ನಿಂತೀತು? ನನ್ನ ಅಜ್ಜಿ ನನಗೆ ಉಗಿದ ಹಾಗೆ, ನಾನು ನಿಮ್ಮಪ್ಪನಿಗೆ ಉಗಿದ ಹಾಗೆ, ಅವನ ಅಂಗೈಗೆ, ಎದೆಗೆ, ತುಂತುರು ಬೀಳುವಂತೆ ಉಗಿಯುತ್ತಿದ್ದೆ. ಅವನು ಅದನ್ನು ಮುಖಕ್ಕೆ, ಹೊಟ್ಟೆಯ ಗಾಯದ ಕಲೆಗೆ ಸವರಿಕೊಳ್ಳುತ್ತಿದ್ದ. ನನ್ನ ಬಾಯಿಗೂ ಅವನ ಮುಖಕ್ಕೂ ಒಂದು ಅಂಗೈಯಷ್ಟೇ ದೂರ. ಊರಿನವರ ಉಸಿರನ್ನೆಲ್ಲ ದೊಣ್ಣೆಯಲ್ಲಿ ಓಡಿಸಿ, ನನ್ನದನ್ನು ನಾನೇ ದಿನಕ್ಕೊಮ್ಮೆ ಅವನ ಮುಖಕ್ಕೆ ಹಾಕುತ್ತಿದ್ದೆ.

ನಗುತ್ತೀಯೋ ಅಳುತ್ತೀಯೋ, ಅದಕ್ಕೆ ಮುಂಚೆ ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತಿದ್ದೆ. ಸ್ವಚ್ಛತೆ ಮುಖ್ಯ ಎಂದಿದ್ದರಲ್ಲ.

ಕೆಮ್ಮು ಅಂದರೆ ರೋಗ, ಉಗುಳು ಅಂದರೆ ಆಶೀರ್ವಾದ. ಎರಡೂ ಒಂದೇ ಬಾಯಿಂದ ಬರುತ್ತವೆ ಎಂದು ಎಪ್ಪತ್ತೊಂದು ವರ್ಷ ಬದುಕಿದವಳಿಗೆ ಹೊಳೆಯಲಿಲ್ಲ. ಅವನು ರಾಯೆಲಳ ಮನೆಯ ಸಾವಿಗೆ ಹೋಗಿ ಬಂದ ಆ ಎರಡು ದಿನ ಮಾತ್ರ ಕೋಪದಲ್ಲಿ ಉಗಿಯಲಿಲ್ಲ. ಅಂಗೈ ಹಿಡಿದು ನಿಂತಿದ್ದ, ಮುಖ ತಿರುಗಿಸಿದೆ. ಏಳು ತಿಂಗಳಲ್ಲಿ ನಾನು ಅವನಿಗೆ ಒಳ್ಳೆಯದು ಮಾಡಿದ್ದು ಆ ಎರಡೇ ದಿನ.

ಯಾರಿಂದ ಬಂತು ಎಂದು ಹೇಳಲು ಆಗುವುದಿಲ್ಲ, ಹಳೆಯದು ಒಳಗೇ ಇದ್ದು ಎದ್ದಿರಬಹುದು, ಹುಡುಕುತ್ತಾ ಕೂರಬೇಡಿ ಎಂದಳು ನೆಕೇಸಾ. ಒಳ್ಳೆಯ ಹುಡುಗಿ. ನನಗೆ ಹುಡುಕುವುದೇನಿದೆ?

ಹೋದ ಶುಕ್ರವಾರ ಆಸ್ಪತ್ರೆಗೆ ಹೋಗಿದ್ದೆ. ನನ್ನನ್ನು ಒಳಗೆ ಬಿಡುವುದಿಲ್ಲ. ಅವನ ಕೋಣೆ ನೆಲಮಟ್ಟದಲ್ಲಿದೆ, ಹಿಂದಿನ ಹುಲ್ಲಿನಿಂದ ಕಿಟಕಿ ಕಾಣುತ್ತದೆ. ಎರಡು ಬಟ್ಟೆ ಕಟ್ಟಿಕೊಂಡು ದೂರ ನಿಂತೆ. ಅವನು ಎದ್ದು ಬಂದ, ಕೋಲಿನ ಹಾಗಾಗಿದ್ದಾನೆ. ಕಂಬಿಯ ಸಂದಿಯಿಂದ ಎರಡೂ ಕೈ ಹೊರಗೆ ಚಾಚಿದ, ಅಂಗೈ ಮೇಲಾಗಿ.

"ಕೊಗೊ, ಹತ್ರ ಬಾ. ಹದಿನೇಳು ದಿನ ಆಯ್ತು, ನಿನ್ನ ಬಾಯಿಂದ ಏನೂ ಬಿದ್ದಿಲ್ಲ. ಅದಕ್ಕೇ ಮಾತ್ರೆ ನಿಲ್ತಾ ಇಲ್ಲ ನೋಡು."

ನಾನು ನಿಂತಲ್ಲೇ ನಿಂತೆ.

"ಇನ್ನೂ ಕೋಪಾನಾ?" ಎಂದ. "ಅರ್ಧ ಗಂಟೆ ಹೋಗಿದ್ದಕ್ಕೆ? ಮರದ ಕೆಳಗೆ ನಿಂತಿದ್ದೆ ಕೊಗೊ, ಯಾರನ್ನೂ ಮುಟ್ಟಲಿಲ್ಲ. ಅಕ್ಕ ಕೊಟ್ಟಿದ್ದನ್ನ ಹಾಳು ಮಾಡ್ದೆ ಅಂತ ನನಗೂ ಗೊತ್ತು. ತಪ್ಪಾಯ್ತು. ಉಗಿ, ಮುಗಿಸಿಬಿಡು."

ಅವನಿಗೆ ಯಾರೂ ಹೇಳಿಲ್ಲ ಜೆಮೇಲಿ. ನಾನು ಹೇಳುತ್ತೇನೆ, ನೀವು ಹೇಳಬೇಡಿ ಎಂದು ರೋಡಾಳಿಂದಲೂ ನೆಕೇಸಾಳಿಂದಲೂ ಮಾತು ತೆಗೆದುಕೊಂಡಿದ್ದೆ. ಹೇಳಲೆಂದೇ ಅಷ್ಟು ದೂರ ಹೋಗಿದ್ದೆ. ಗಿರಣಿಯಲ್ಲಿ ಹತ್ತು ಹೆಂಗಸರ ಮುಂದೆ ಓಡಿದ ನಾಲಿಗೆ ಅಲ್ಲಿ ಅಲುಗಲಿಲ್ಲ. ಅವನ ಕೈಗಳು ಹಾಗೇ ಹೊರಗಿದ್ದವು. ಮಳೆ ಹನಿಯಲು ಶುರುವಾಯಿತು, ಅಂಗೈಯಲ್ಲಿ ಹನಿ ಬೀಳುತ್ತಿತ್ತು. ನಾನು ತಿರುಗಿ ಗೇಟಿನ ಕಡೆ ನಡೆದೆ. ಬೆನ್ನಿಗೆ "ಕೊಗೊ" ಎಂಬುದು ಎರಡು ಸಲ ಕೇಳಿತು.

ಉಗಿದರೆ ಕೊಲ್ಲುತ್ತೇನೆ, ಉಗಿಯದಿದ್ದರೆ ಶಾಪ ಹಾಕಿದಂತೆ. ಹಿರಿಯಳು ಬಾಯಿ ಮುಚ್ಚಿಕೊಂಡು ತಿರುಗಿ ನಡೆದರೆ ನಮ್ಮಲ್ಲಿ ಅದಕ್ಕೆ ಬೇರೆ ಅರ್ಥವಿಲ್ಲ ಎಂದು ಅವನಿಗೂ ಗೊತ್ತು. ಅವತ್ತಿನಿಂದ ಅವನು ಮಾತ್ರೆ ನುಂಗುವುದಿಲ್ಲ ಎಂದು ಹಟ ಮಾಡುತ್ತಾನಂತೆ. "ನಮ್ಮಜ್ಜೀನೇ ಬಿಟ್ಮೇಲೆ ಇದ್ಯಾಕೆ" ಎಂದನಂತೆ. ಇದನ್ನು ನನಗೆ ತಂದು ಹೇಳಿದ್ದು ರಾಯೆಲ್.

ಹೌದು, ರಾಯೆಲ್. ಈಗ ಅವನ ಹತ್ತಿರ ಹೋಗಿ ಕೂರುವವಳು ಅವಳೇ, ಯಾರೂ ಕೇಳದೆ. ನನ್ನ ಪರೀಕ್ಷೆಯ ವಿಷಯ ತಿಳಿದ ದಿನ ಮುದ್ದೆ ಸೊಪ್ಪು ತಂದು ನಮ್ಮ ಗೇಟಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಂತಳು. "ಹತ್ತು ಹೆಜ್ಜೆ ಸಾಕಾ ತಾಪ್ಲೆಲೆಯ್, ಇನ್ನೂ ಹಿಂದೆ ಹೋಗ್ಲಾ?" ಎಂದಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಕೆಮ್ಮು ಬಂತು. "ಈಗ ಬೇಡ, ತಿನ್ನು. ಜಗಳ ಆಡೋಕೂ ಶಕ್ತಿ ಬೇಕಾಗುತ್ತೆ ನಿನಗೆ" ಎಂದು ಹೋದಳು. ಅವಳು ಬೈದಿದ್ದರೆ ಆ ಮುದ್ದೆ ಗಂಟಲಲ್ಲಿ ಇಳಿಯುತ್ತಿತ್ತು.

ನನಗೂ ಕ್ಷಯದ ಮಾತ್ರೆ ಕೊಟ್ಟಿದ್ದಾರೆ. ಆರು ತಿಂಗಳು. ದಿನಾ ಬೆಳಗ್ಗೆ ರೋಡಾ ಬೇಲಿಯ ಆಚೆ ನಿಂತು ನಾನು ನುಂಗುವುದನ್ನು ನೋಡಿ ಹೋಗುತ್ತಾಳೆ. ನನ್ನ ಮಾತ್ರೆಯನ್ನು ತಿನ್ನುವ ಮಾತ್ರೆ ಯಾವುದೂ ಇಲ್ಲ. ಎದೆ ಆಗಲೇ ಹಗುರವಾಗುತ್ತಿದೆ. ನಾನು ಪೂರ್ತಿ ವಾಸಿಯಾಗುತ್ತೇನಂತೆ ಜೆಮೇಲಿ. ರೋಡಾ ಅದನ್ನು ಸಂತೋಷದ ಸುದ್ದಿಯ ಹಾಗೆ ಹೇಳಿದಳು.

ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ. ಒಂದು ಕೆಲಸ ಕೇಳುತ್ತೇನೆ. ನೀನು ಅವನಿಗೆ ಹೇಳು. ಪರೀಕ್ಷೆ ಮುಗಿಯುವುದನ್ನು ಕಾಯಬೇಡ, ಈ ಕಾಗದ ಓದಿದ ಕೂಡಲೇ ಆಸ್ಪತ್ರೆಗೆ ಫೋನು ಮಾಡಿ ನಾನು ಬರೆದದ್ದನ್ನೆಲ್ಲ ಅವನಿಗೆ ಓದಿ ಹೇಳು, ಕುಂಬಳದ ಬೀಜವನ್ನೂ ಬಿಡಬೇಡ. ಅಜ್ಜಿಗೆ ನಿನ್ನ ಮೇಲೆ ಕೋಪವಿಲ್ಲ, ಅವಳ ಬಾಯಿಯಲ್ಲಿ ವಿಷವಿದೆ ಎಂದು ಹೇಳು. ಅವನು ನನ್ನನ್ನು ದ್ವೇಷಿಸಲಿ. ದ್ವೇಷದಲ್ಲಾದರೂ ಆ ಮಾತ್ರೆ ನುಂಗಲಿ. ತನ್ನಿಂದಲೇ ಹಾಳಾಯಿತು ಎಂದುಕೊಂಡು ಸಾಯುವುದಕ್ಕಿಂತ ನನ್ನಿಂದ ಹಾಳಾಯಿತು ಎಂದುಕೊಂಡು ಬದುಕಲಿ. ಕಿಡ್ನಿ ಉಳಿಯದು ಎಂದು ನನ್ನ ಮನಸ್ಸು ಹೇಳುತ್ತಿದೆ. ಹುಡುಗನಾದರೂ ಉಳಿಯಲಿ ಎಂದು ಕೇಳಲು ಯಾವ ಬಾಯಿ ಇಟ್ಟುಕೊಂಡು ದೇವರ ಮುಂದೆ ನಿಲ್ಲಲಿ.

ಈ ಕಾಗದವನ್ನು ನಾಳೆ ಮೊಂಬಾಸಾ ಬಸ್ಸಿನವನ ಕೈಯಲ್ಲಿ ಕಳಿಸುತ್ತೇನೆ. ರಾಯೆಲ್ ಕೊಡುತ್ತಾಳೆ, ನಾನು ಬಸ್ಸಿನ ಹತ್ತಿರ ಹೋಗುವುದಿಲ್ಲ. ಶನಿವಾರ ಸಂಜೆ ನಿನಗೆ ಸಿಗಬೇಕು.

ನಿಮ್ಮಿಬ್ಬರನ್ನೂ ಎತ್ತಿ ಆಡಿಸಿದವಳು,
ತಾಪ್ಲೆಲೆಯ್

ಮರೆತದ್ದು: ಮರೆತದ್ದಲ್ಲ, ಬರೆಯಲು ಹೆದರಿ ಕೊನೆಗೆ ಇಟ್ಟದ್ದು. ಆಗಸ್ಟಿನಲ್ಲಿ ನೀನು ಹೊರಡುವ ಬೆಳಗ್ಗೆ ತಮ್ಮನ ಪಕ್ಕದಲ್ಲಿ ನಿಂತು "ನನಗೂ ಕೊಗೊ, ಅವನೊಬ್ಬನಿಗೇನಾ" ಎಂದು ನೀನೂ ಅಂಗೈ ಹಿಡಿದೆ. ನಿನಗೆ ಎರಡು ಸಲ ಉಗಿದೆ, ಒಂದೇ ಕಿಡ್ನಿಯ ಹುಡುಗಿ ಎಂದು. ಹೋದ ಭಾನುವಾರ ಫೋನಿನಲ್ಲಿ ನೀನು ಮಾತಿನ ನಡುವೆ ಮೂರು ಸಲ ಕೆಮ್ಮಿದೆ. ಸಮುದ್ರದ ಗಾಳಿ ಎಂದು ನೀನಂದೆ. ಹಾಗೆ ಅನ್ನಬೇಡ ಮಗಳೇ, ನಾನೂ ಹಾಗೇ ಅನ್ನುತ್ತಿದ್ದೆ. ಸೋಮವಾರ ಬೆಳಗ್ಗೆ ಶಾಲೆಗೆ ಹೋಗಬೇಡ, ದವಾಖಾನೆಗೆ ಹೋಗು. ಡಬ್ಬಿ ಕೊಡುತ್ತಾರೆ.